ಷೇಕ್ಸ್‌ಪಿಯರನ ಸಾಲಿಗೆ ಪ್ರಸ್ತಾರ ಹಾಕಿದೆ: ಮೊದಲ ಸಾಲು ಹೊಂದಿತು, ಎರಡನೆಯದು ಮುರಿಯಿತು

ಪ್ರಸ್ತಾರಪ್ರಿಯ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಇಂಗ್ಲಿಷ್ ಎಂ.ಎ. ಮೊದಲ ವರ್ಷದಲ್ಲಿದ್ದೇನೆ. ಶಾಲೆಯಲ್ಲಿ ಪ್ರಸ್ತಾರ ಹಾಕಿ, ಅಂದರೆ ಅಕ್ಷರಗಳಿಗೆ ಗುರು-ಲಘು ಗುರುತು ಹಾಕಿ, ಗಣ ವಿಂಗಡಿಸುವ ಪ್ರಶ್ನೆ ಬಂದರೆ ನನಗೆ ಹಬ್ಬವಾಗುತ್ತಿತ್ತು. ಭಾಮಿನಿ, ವಾರ್ಧಕ, ಕಂದ, ಉತ್ಪಲಮಾಲೆ ಯಾವುದನ್ನು ಕೊಟ್ಟರೂ ತಪ್ಪಿಲ್ಲದೆ ಬಿಡಿಸುತ್ತಿದ್ದೆ. ಆ ಧೈರ್ಯದ ಮೇಲೆಯೇ ಕಳೆದ ವಾರದ ಕಿರುಪರೀಕ್ಷೆಯಲ್ಲಿ ಷೇಕ್ಸ್‌ಪಿಯರನ ಹದಿನೆಂಟನೆಯ ಸಾನೆಟ್ಟಿನ ಮೊದಲ ಸಾಲಿಗೆ ಹೀಗೆ ಪ್ರಸ್ತಾರ ಹಾಕಿದೆ:

ಶಲ್ ಐ | ಕಂಪೇರ್ | ದೀ ಟು ಅ | ಸಮ್ಮರ್ಸ್ | ಡೇ
– – | – – | – ∪ ∪ | – – | –

ಎಂಟು ಗುರು, ಎರಡು ಲಘು, ಒಟ್ಟು 18 ಮಾತ್ರೆ. ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಕೊನೆಗೊಂದು ಗುರು. ಇಷ್ಟು ಚೆನ್ನಾಗಿ ಹೊಂದಿದ್ದನ್ನು ಕಂಡು ಉತ್ತರ ಸರಿಯೆಂದೇ ನಂಬಿದ್ದೆ. ಸೊನ್ನೆ ಬಂತು. ಈ ಸಾಲಿನಲ್ಲಿರುವುದು ಐದು ಗಣ, ಅದು ಐಯಾಂಬಿಕ್ ಪೆಂಟಾಮೀಟರ್ ಎಂದು ಅಧ್ಯಾಪಕರು ಅಂಚಿನಲ್ಲಿ ಬರೆದಿದ್ದರು. ಏಕೆ ಎಂದು ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮನೆಗೆ ಬಂದು ಎರಡನೆಯ ಸಾಲಿಗೆ, ಅಂದರೆ ‘ದೌ ಆರ್ಟ್ ಮೋರ್ ಲವ್ಲಿ ಆಂಡ್ ಮೋರ್ ಟೆಂಪರೇಟ್’ ಎಂಬುದಕ್ಕೆ ಅದೇ ರೀತಿ ಪ್ರಸ್ತಾರ ಹಾಕಿದರೆ ಮೂರನೆಯ ಗಣದಲ್ಲಿಯೇ ಮಾತ್ರೆ ಐದಾಗಿ ಎಲ್ಲವೂ ಮುರಿದು ಬಿತ್ತು. ಐಯಾಂಬ್ ಎಂದರೆ ಲಘುವಿನ ಮೇಲೊಂದು ಗುರು ಎಂದು ಪುಸ್ತಕದಲ್ಲಿದೆ. ಹಾಗಿದ್ದರೆ ‘ಶಲ್’ ಲಘು ಹೇಗೆ? ‘ಕಂ’ ಲಘು ಹೇಗೆ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಮಲೆನಾಡ ಮೇಷ್ಟ್ರು

ತಮ್ಮಾ, ನಿನ್ನ ಪ್ರಸ್ತಾರದಲ್ಲಿ ಕನ್ನಡದ ಲೆಕ್ಕಕ್ಕೆ ಒಂದೂ ತಪ್ಪಿಲ್ಲ. ತಪ್ಪಿರುವುದು ನೀನು ಅಳೆದ ವಸ್ತುವಿನಲ್ಲಿ. ನಾವು ಅಳೆಯುವುದು ಕಾಲವನ್ನು: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೆ ಎರಡು, ಅನುಸ್ವಾರವಿದ್ದರೆ ಎರಡು. ಇಂಗ್ಲಿಷ್ ಪದ್ಯ ಅಳೆಯುವುದು ದನಿಯ ಬಲವನ್ನು. ಯಾವ ಅಕ್ಷರವನ್ನು ಬಾಯಿ ಒತ್ತಿ ಹೇಳುತ್ತದೆ, ಯಾವುದನ್ನು ಹಾರಿಸಿಕೊಂಡು ಹೋಗುತ್ತದೆ ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುವುದು. ಅಕ್ಷರ ಉದ್ದವಾಗಿದೆಯೋ ಗಿಡ್ಡವಾಗಿದೆಯೋ ಎಂಬುದು ಆಮೇಲಿನ ಮಾತು.

‘ರೆಕಾರ್ಡ್’ ಎಂಬ ಪದವನ್ನು ತೆಗೆದುಕೊ. ದಾಖಲೆ ಎಂಬ ಅರ್ಥದಲ್ಲಿ ನಾಮಪದವಾದರೆ ಒತ್ತು ಮೊದಲ ಅಕ್ಷರದ ಮೇಲೆ, ದಾಖಲಿಸು ಎಂದು ಕ್ರಿಯಾಪದವಾದರೆ ಎರಡನೆಯದರ ಮೇಲೆ. ‘ಪ್ರೆಸೆಂಟ್’ ಕೂಡ ಹಾಗೆಯೇ. ಕನ್ನಡದಲ್ಲಿ ಒತ್ತು ಬದಲಾಗಿ ಅರ್ಥ ಬದಲಾಗುವ ಪದವೊಂದನ್ನು ಹುಡುಕು ನೋಡೋಣ, ಸಿಗುವುದಿಲ್ಲ. ನಮ್ಮಲ್ಲಿ ಅರ್ಥವನ್ನು ಬದಲಿಸುವುದು ಕಾಲ: ಬಳೆ, ಬಾಳೆ, ಕರೆ, ಕಾರೆ. ಆದ್ದರಿಂದಲೇ ನಮ್ಮ ಕಿವಿ ಕಾಲಕ್ಕೆ ಹರಿತವಾಗಿದೆ, ಒತ್ತಿಗೆ ಮೊಂಡಾಗಿದೆ.

ಈಗ ಆ ಸಾಲನ್ನು ಹೀಗೆ ಓದು. ಪ್ರತಿ ಗಣದ ಎರಡನೆಯ ಅಕ್ಷರದ ಮೇಲೆ ಮೇಜನ್ನು ತಟ್ಟು:

ಶಲ್ ಐ | ಕಂಪೇರ್ | ದೀ ಟು | ಅ ಸಮ್|ಮರ್ಸ್ ಡೇ

ಐದು ಪೆಟ್ಟು, ಆದ್ದರಿಂದ ಐದು ಗಣ. ಇನ್ನೊಂದು ಮಾತು: ಇಂಗ್ಲಿಷಿನ ‘ಸಮ್ಮರ್’ ಪದದಲ್ಲಿ ಮಕಾರವನ್ನು ಬರೆಯುವುದು ಎರಡು ಸಲವಾದರೂ ಉಚ್ಚರಿಸುವುದು ಒಂದೇ ಸಲ. ಕನ್ನಡ ಲಿಪಿಯಲ್ಲಿ ಬರೆದ ಮರುಕ್ಷಣವೇ ಅದು ನಿನಗೆ ಒತ್ತಕ್ಷರವಾಗಿ ಕಂಡು ಹಿಂದಿನದನ್ನು ಗುರು ಮಾಡಿತು. ಇಲ್ಲಿ ಅದು ಹೇಗೂ ಪೆಟ್ಟು ಬೀಳುವ ಅಕ್ಷರವಾದ್ದರಿಂದ ನಷ್ಟವಾಗಲಿಲ್ಲ, ಬೇರೆಡೆ ಆಗುತ್ತದೆ.

ಕೃಷ್ಣೆಯ ತೀರ

ಗೊಂದಲಕ್ಕೆ ಪರಿಭಾಷೆಯೂ ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ಒತ್ತು’ ಎಂದೊಡನೆ ನಮಗೆ ಒತ್ತಕ್ಷರ ನೆನಪಾಗುತ್ತದೆ. ಇಂಗ್ಲಿಷಿನ ‘ಫುಟ್’ ಎಂಬುದನ್ನು ಪಾದ ಎಂದು ಅನುವಾದಿಸಿಕೊಂಡರೆ ಇನ್ನೂ ಅನಾಹುತ, ಏಕೆಂದರೆ ನಮ್ಮಲ್ಲಿ ಪಾದವೆಂದರೆ ಇಡೀ ಸಾಲು, ಅವರಲ್ಲಿ ‘ಫುಟ್’ ಎಂದರೆ ಗಣ. ಎಲ್ಲಕ್ಕಿಂತ ಹೆಚ್ಚಿನ ಮೋಸ ಆ ಎರಡು ಗುರುತುಗಳದು. ನಮ್ಮ ಲಘುವಿನ ಬಟ್ಟಲನ್ನೂ ಗುರುವಿನ ಅಡ್ಡಗೆರೆಯನ್ನೂ ಅವರೂ ಬಳಸುತ್ತಾರೆ. ಗ್ರೀಕ್ ಮತ್ತು ಲ್ಯಾಟಿನ್ ಪದ್ಯಗಳು ನಮ್ಮ ಹಾಗೆಯೇ ಕಾಲವನ್ನು ಅಳೆಯುತ್ತಿದ್ದವು. ಐಯಾಂಬ್, ಟ್ರೋಕೀ, ಡ್ಯಾಕ್ಟಿಲ್ ಎಲ್ಲವೂ ಆ ಕಡೆಯ ಹೆಸರುಗಳು. ಇಂಗ್ಲಿಷಿನವರು ಹೆಸರನ್ನೂ ಗುರುತನ್ನೂ ಉಳಿಸಿಕೊಂಡು, ಒಳಗಿನ ಸರಕನ್ನು ಮಾತ್ರ ಬದಲಿಸಿಬಿಟ್ಟರು.

ನೇರನುಡಿ

ಮೇಷ್ಟ್ರೇ, ಕ್ಷಮಿಸಿ, ತಮ್ಮ ವಿವರಣೆಯನ್ನು ನಾನು ಒಪ್ಪಲಾರೆ. ‘ಟು’ ಎಂಬ ಅಕ್ಷರದ ಮೇಲೆ ತಾವು ಮೇಜು ತಟ್ಟಿಸಿದ್ದೀರಿ. ಯಾವ ಇಂಗ್ಲಿಷ್ ಮಾತುಗಾರ ತಾನೇ ಆ ವಾಕ್ಯವನ್ನು ಹೇಳುವಾಗ ‘ಟು’ವನ್ನು ಒತ್ತಿ ಹೇಳುತ್ತಾನೆ? ಸಹಜವಾಗಿ ಓದಿದರೆ ಆ ಸಾಲಿನಲ್ಲಿ ಕೇಳುವುದು ಮೂರು ಅಥವಾ ನಾಲ್ಕು ಒತ್ತುಗಳು: ಪೇರ್, ಸಮ್, ಡೇ, ಬೇಕಾದರೆ ಶಲ್. ಐದು ಬರಲೇಬೇಕೆಂದು ಇಲ್ಲದ ಪೆಟ್ಟನ್ನು ತಂದು ಕೂರಿಸಿದಂತಿದೆ. ಇಷ್ಟು ಒತ್ತಾಯವಿರುವುದಾದರೆ ಇದನ್ನು ಛಂದಸ್ಸಿನ ನಿಯಮ ಎಂದು ಹೇಗೆ ಕರೆಯುವುದು?

ಗಮಕದ ಮನೆ

ನೇರನುಡಿಯವರ ಆಕ್ಷೇಪಣೆಯೇ ಈ ವಿಷಯದ ಹೃದಯಭಾಗ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಂಗ್ಲಿಷ್ ಪದ್ಯದಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು, ಮನಸ್ಸಿನಲ್ಲಿ ಓಡುತ್ತಿರುವ ಅಚ್ಚು: ಇಳಿ-ಏರು, ಇಳಿ-ಏರು, ಹೀಗೆ ಐದು ಸಲ. ಇನ್ನೊಂದು, ಬಾಯಿಂದ ಹೊರಡುವ ಮಾತು. ಇವೆರಡೂ ಪ್ರತಿ ಹೆಜ್ಜೆಯಲ್ಲೂ ಒಂದೇ ಆಗಬೇಕೆಂಬ ಕಟ್ಟಳೆಯಿಲ್ಲ. ಆದಿತಾಳದಲ್ಲಿ ಕೃತಿಯೊಂದನ್ನು ಹಾಡುವಾಗ ಸಾಹಿತ್ಯದ ಪ್ರತಿಯೊಂದು ಅಕ್ಷರವೂ ಕೈಪೆಟ್ಟಿನ ಮೇಲೆಯೇ ಬೀಳುವುದಿಲ್ಲ, ಆದರೂ ಕೈ ನಿಲ್ಲುವುದಿಲ್ಲ. ಎಡುಪು, ಅಂದರೆ ತಾಳದಲ್ಲಿ ಸಾಹಿತ್ಯ ಆರಂಭವಾಗುವ ಜಾಗ, ಸರಿದಾಗಲೂ ಕೇಳುಗನ ಒಳಗೆ ತಾಳ ಓಡುತ್ತಲೇ ಇರುತ್ತದೆ. ಇಲ್ಲಿಯೂ ಅಷ್ಟೇ. ‘ದೀ ಟು ಅ’ ಎಂಬ ಮೂರು ದುರ್ಬಲ ಅಕ್ಷರಗಳು ಒಟ್ಟಿಗೆ ಬಂದಾಗ ನಡುವಿನ ‘ಟು’ ಅಚ್ಚಿನ ಪೆಟ್ಟಿನ ಜಾಗದಲ್ಲಿ ನಿಂತಿದೆ. ಅದನ್ನು ಕಿರುಚಿ ಹೇಳಬೇಕಾಗಿಲ್ಲ. ಅಕ್ಕಪಕ್ಕದ ಎರಡಕ್ಕಿಂತ ಕೂದಲೆಳೆಯಷ್ಟು ತೂಕ ಅದಕ್ಕೆ ಸಿಕ್ಕರೆ ಸಾಕು, ಐದನೆಯ ಪೆಟ್ಟು ತುಂಬಿಕೊಳ್ಳುತ್ತದೆ. ಒತ್ತನ್ನು ಪಕ್ಕದ ಅಕ್ಷರದೊಡನೆ ಹೋಲಿಸಿ ಅಳೆಯಬೇಕೇ ಹೊರತು, ಗುರುವಿಗೆ ಎರಡು ಮಾತ್ರೆ ಎಂದು ನಾವು ಕಟ್ಟಿದಂತೆ ಅದಕ್ಕೊಂದು ಕಟ್ಟಿಟ್ಟ ಬೆಲೆಯಿಲ್ಲ.

ನಮ್ಮ ಶಾಲೆಯ ಪ್ರಸ್ತಾರದಲ್ಲಿ ಲಘು ಲಘುವೇ, ಗುರು ಗುರುವೇ, ಸಂಶಯಕ್ಕೆ ಎಡೆಯಿಲ್ಲ. ಇಂಗ್ಲಿಷಿನಲ್ಲಿ ಒಂದೇ ಸಾಲನ್ನು ಇಬ್ಬರು ಒಳ್ಳೆಯ ಓದುಗರು ಎರಡು ಬಗೆಯಾಗಿ ಗುರುತಿಸಬಹುದು, ಇಬ್ಬರೂ ಸರಿಯಾಗಿರಬಹುದು. ‘ಶಲ್ ಐ’ ಎಂಬಲ್ಲಿಯೇ ಕೆಲವರು ‘ಶಲ್’ ಮೇಲೆ ಪೆಟ್ಟು ಹಾಕುತ್ತಾರೆ, ಏಕೆಂದರೆ ಅದು ಪ್ರಶ್ನೆ: ಹೋಲಿಸಲೇ, ಬೇಡವೇ? ಮೇಷ್ಟ್ರು ‘ಐ’ ಮೇಲೆ ಹಾಕಿದ್ದಾರೆ. ಮೊದಲ ಗಣವನ್ನು ತಿರುವಿ ಹಾಕುವುದು ಐಯಾಂಬಿಕ್ ಸಾಲಿನಲ್ಲಿ ಎಲ್ಲರೂ ಒಪ್ಪಿದ ಸ್ವಾತಂತ್ರ್ಯವಾದ್ದರಿಂದ ಎರಡೂ ನಡೆಯುತ್ತವೆ.

ನೇರನುಡಿ

ತಾಳದ ಹೋಲಿಕೆ ನನಗೆ ಒಪ್ಪಿಗೆಯಾಯಿತು. ಆದರೆ ಇಬ್ಬರೂ ಸರಿ ಎಂಬ ಮಾತನ್ನು ಪರೀಕ್ಷೆ ಬರೆಯುವ ಹುಡುಗನಿಗೆ ಹೇಳಿದರೆ ಅವನ ಗತಿಯೇನು ಎಂಬುದನ್ನೂ ಯೋಚಿಸಬೇಕು.

ಮ್ಯಾಂಚೆಸ್ಟರ್ ಕನ್ನಡತಿ

ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಆದ್ದರಿಂದ ಒತ್ತು ನನಗೆ ಪುಸ್ತಕದ ವಿಷಯವಾಗಿ ಉಳಿದಿಲ್ಲ. ಬಂದ ಹೊಸತರಲ್ಲಿ ಕಚೇರಿಯ ಸಭೆಯೊಂದರಲ್ಲಿ ‘ಡೆವಲಪ್’ ಎಂಬ ಪದವನ್ನು ನಾವು ಊರಿನಲ್ಲಿ ಹೇಳುವಂತೆ ಮೊದಲ ಅಕ್ಷರವನ್ನು ಒತ್ತಿ ಹೇಳಿದೆ. ಎದುರಿಗಿದ್ದವರು ಎರಡು ಸಲ ಕೇಳಿಸಿಕೊಂಡರು, ಅರ್ಥವಾಗಲಿಲ್ಲ. ನನ್ನ ಸ್ವರ, ವ್ಯಂಜನ ಎಲ್ಲ ಸರಿಯಿದ್ದವು. ಒತ್ತು ಎರಡನೆಯ ಅಕ್ಷರದ ಮೇಲೆ ಬೀಳದೆ ಅವರಿಗೆ ಆ ಪದವೇ ಕೇಳಿಸಲಿಲ್ಲ. ‘ಹೋಟೆಲ್’ ಕೂಡ ಹೀಗೆಯೇ: ನಾವು ‘ಹೋ’ವನ್ನು ಎತ್ತುತ್ತೇವೆ, ಇವರು ‘ಟೆಲ್’ ಅನ್ನು ಎತ್ತುತ್ತಾರೆ.

ಛಂದಸ್ಸಿನ ಲಯ ನನಗೆ ಮೊದಲು ಹತ್ತಿದ್ದು ಮಗಳ ಶಿಶುಗೀತೆಯಿಂದ. ‘ತ್ರೀ ಬ್ಲೈಂಡ್ ಮೈಸ್’ ಎಂಬುದರಲ್ಲಿ ಮೂರೇ ಅಕ್ಷರ. ‘ಸೀ ಹೌ ದೇ ರನ್’ ಎಂಬುದರಲ್ಲಿ ನಾಲ್ಕು. ‘ದೇ ಆಲ್ ರ್ಯಾನ್ ಆಫ್ಟರ್ ದ ಫಾರ್ಮರ್ಸ್ ವೈಫ್’ ಎಂಬುದರಲ್ಲಿ ಒಂಬತ್ತು. ಮಗು ಮೂರಕ್ಕೂ ನಾಲ್ಕು ನಾಲ್ಕು ಚಪ್ಪಾಳೆಯನ್ನೇ ಹಾಕುತ್ತಿದ್ದಳು. ಮೊದಲಿನ ಎರಡರಲ್ಲಿ ಕೊನೆಯ ಚಪ್ಪಾಳೆ ಖಾಲಿ ಜಾಗಕ್ಕೆ ಬೀಳುತ್ತಿತ್ತು. ಒಂಬತ್ತು ಅಕ್ಷರಗಳನ್ನು ನಾಲ್ಕು ಚಪ್ಪಾಳೆಯೊಳಗೆ ಹಿಡಿಸಲು ನಡುವಿನ ಸಣ್ಣ ಅಕ್ಷರಗಳನ್ನೆಲ್ಲ ಅವಳು ನುಂಗಿಬಿಡುತ್ತಿದ್ದಳು. ಅಕ್ಷರ ಎಷ್ಟೇ ಇರಲಿ, ಪೆಟ್ಟುಗಳ ನಡುವಿನ ಸಮಯ ಒಂದೇ ಎಂಬುದು ಇಂಗ್ಲಿಷಿನ ಸ್ವಭಾವ ಎಂದು ಅಂದು ನನಗೆ ಹೊಳೆಯಿತು.

ಧ್ವನಿಶೋಧ

ಅಕ್ಕಾ, ತಮ್ಮ ಕೊನೆಯ ವಾಕ್ಯಕ್ಕೆ ಒಂದು ತಿದ್ದುಪಡಿ ಬೇಕು. ಹಾಡಿನಲ್ಲಿ ಅದು ನಿಜ. ಮಾತಿನಲ್ಲಿ ಪೆಟ್ಟುಗಳ ನಡುವಿನ ಸಮಯ ಒಂದೇ ಆಗಿರುತ್ತದೆ ಎಂಬುದು ಬಹುಕಾಲ ನಂಬಿಕೊಂಡು ಬಂದ ಮಾತಾದರೂ, ಧ್ವನಿವಿಜ್ಞಾನಿಗಳು ಉಪಕರಣದಿಂದ ಅಳೆದಾಗ ಹಾಗೆ ಸಿಗಲಿಲ್ಲ. ಒತ್ತಿಲ್ಲದ ಅಕ್ಷರಗಳು ಕುಗ್ಗುತ್ತವೆ, ಅವುಗಳ ಸ್ವರವೂ ಮಸುಕಾಗುತ್ತದೆ ಎಂಬುದು ಖಚಿತ; ಸಮಯ ಗಡಿಯಾರದಷ್ಟು ಸಮನಾಗಿರುತ್ತದೆ ಎಂಬುದು ಖಚಿತವಲ್ಲ. ಕಿವಿಗೆ ಸಮವೆನ್ನಿಸುತ್ತದೆ, ಪದ್ಯಕ್ಕೆ ಅಷ್ಟು ಸಾಕು.

ಹಳೆಯ ಹೊತ್ತಗೆ

ಪ್ರಸ್ತಾರಪ್ರಿಯರು ಕುಗ್ಗಬೇಕಾಗಿಲ್ಲ. ತಾವು ಮಾಡಿದ್ದನ್ನೇ ಇಂಗ್ಲೆಂಡಿನ ವಿದ್ವಾಂಸರೂ ಹದಿನಾರನೆಯ ಶತಮಾನದಲ್ಲಿ ಮಾಡಿದರು. ಲ್ಯಾಟಿನ್ ಓದಿ ಬೆಳೆದ ಅವರಿಗೆ ತಮ್ಮ ಮಾತೃಭಾಷೆಯ ಪದ್ಯ ಒರಟೆಂದು ತೋರುತ್ತಿತ್ತು. ಫಿಲಿಪ್ ಸಿಡ್ನಿಯಂಥವರು ಇಂಗ್ಲಿಷ್ ಅಕ್ಷರಗಳಿಗೆ ಲ್ಯಾಟಿನ್ನಿನ ದೀರ್ಘ-ಹ್ರಸ್ವಗಳನ್ನು ಹಚ್ಚಿ ಪದ್ಯ ಕಟ್ಟಿ ನೋಡಿದರು. 1602ರಲ್ಲಿ ಥಾಮಸ್ ಕ್ಯಾಂಪಿಯನ್ ಪ್ರಾಸವನ್ನು ಬಿಟ್ಟು ಕಾಲಮಾನದ ಛಂದಸ್ಸನ್ನು ಹಿಡಿಯಬೇಕೆಂದು ಪುಸ್ತಕವನ್ನೇ ಬರೆದ. ಆತ ಸ್ವತಃ ಲ್ಯೂಟ್ ವಾದ್ಯಕ್ಕೆ ಸೊಗಸಾದ ಪ್ರಾಸಗೀತೆಗಳನ್ನು ಬರೆದವನು ಎಂಬುದು ವಿಶೇಷ. ಮರುವರ್ಷವೇ ಸ್ಯಾಮ್ಯುಯೆಲ್ ಡೇನಿಯಲ್ ಉತ್ತರ ಬರೆದು, ಒಂದು ನುಡಿಯ ಛಂದಸ್ಸು ಆ ನುಡಿಯ ರೂಢಿ ಮತ್ತು ಸ್ವಭಾವಗಳಿಂದ ಹುಟ್ಟಬೇಕೇ ಹೊರತು ಗ್ರೀಕ್, ಲ್ಯಾಟಿನ್ನಿನ ಅಪ್ಪಣೆಯಿಂದಲ್ಲ ಎಂದು ವಾದಿಸಿದ. ಕೊನೆಗೆ ನಿಂತದ್ದು ಡೇನಿಯಲ್ಲನ ಮಾತು.

ಇಂಗ್ಲಿಷಿನ ಪದ್ಯ ಹೀಗೇಕಾಯಿತು ಎಂಬುದಕ್ಕೂ ಚರಿತ್ರೆಯಿದೆ. ಹಳೆಯ ಇಂಗ್ಲಿಷಿನ ಪದ್ಯಕ್ಕೆ ಸಾಲಿಗೆ ನಾಲ್ಕು ಪೆಟ್ಟು, ಆ ಪೆಟ್ಟಿನ ಪದಗಳ ಮೊದಲಕ್ಷರಗಳಲ್ಲಿ ಅನುಪ್ರಾಸ, ಇಷ್ಟೇ ಬೇಕಾಗಿದ್ದುದು. ನಡುವಿನ ಅಕ್ಷರಗಳು ಎಷ್ಟಿದ್ದರೂ ನಡೆಯುತ್ತಿತ್ತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಅಕ್ಷರಗಳನ್ನು ಎಣಿಸುವ ಫ್ರೆಂಚ್ ಪದ್ಧತಿ ಮೇಲೆ ಬಂದು ಕುಳಿತಿತು. ಎರಡೂ ಬೆರೆತು, ಪೆಟ್ಟನ್ನೂ ಅಕ್ಷರವನ್ನೂ ಎಣಿಸುವ ಈಗಿನ ಛಂದಸ್ಸು ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾಲಕ್ಕೆ ಗಟ್ಟಿಯಾಯಿತು. ಆಮೇಲೆ ನುಡಿ ಬದಲಾಗಿ, ಪದದ ಕೊನೆಯ ಎಕಾರವನ್ನು ಉಚ್ಚರಿಸುವುದು ನಿಂತುಹೋಯಿತು. 1700ರಲ್ಲಿ ಡ್ರೈಡನ್ನನಂಥ ಕವಿಗೇ ಚಾಸರನ ಸಾಲುಗಳಲ್ಲಿ ಅಕ್ಷರ ಕಡಿಮೆ ಬಿದ್ದಂತೆ ಕಂಡಿತು. 1775ರಿಂದ ಹೊರಬಂದ, ಟಿರ್‌ವಿಟ್ ಸಂಪಾದಿಸಿದ ಚಾಸರನ ಆವೃತ್ತಿ ಆ ಎಕಾರವನ್ನು ಓದಿಕೊಂಡರೆ ಸಾಲು ತುಂಬುತ್ತದೆ ಎಂದು ತೋರಿಸಿತು. ಶಿಥಿಲದ್ವಿತ್ವವನ್ನು, ಅಂದರೆ ಒತ್ತಕ್ಷರವಿದ್ದರೂ ಅದರ ಹಿಂದಿನದು ಲಘುವಾಗಿಯೇ ಉಳಿಯುವುದನ್ನು, ಅರಿಯದೆ ಹಳಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿ ಕವಿಯೇ ತಪ್ಪಿದ್ದಾನೆ ಎನ್ನುವವರನ್ನು ನಾವೂ ಕಂಡಿದ್ದೇವಲ್ಲವೇ?

ಬೀಸುವ ಪದ

ನನ್ನ ಮಟ್ಟಿಗೆ ಇಂಗ್ಲಿಷ್ ಛಂದಸ್ಸಿಗೆ ಹತ್ತಿರದ ನಂಟ ಮಾತ್ರಾಗಣವಲ್ಲ, ಅಂಶಗಣ. ನಮ್ಮಜ್ಜಿ ಬೀಸುಕಲ್ಲಿನ ಗೂಟ ಹಿಡಿದು ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ, ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯ’ ಎಂದು ಹಾಡುತ್ತಿದ್ದಳು. ಕಲ್ಲಿನ ಸುತ್ತು ಒಂದೇ ಸಮ. ಜೋಳ ದಪ್ಪವಾಗಿ ಬಿದ್ದಾಗ ತೋಳು ಬಿಗಿಯುತ್ತಿತ್ತು, ಪದ ಎಳೆಯುತ್ತಿತ್ತು. ಎಳ್ಳು ಎಂಬ ಪದದ ಕೊನೆಯನ್ನು ಅವಳು ಎಷ್ಟು ಬೇಕೋ ಅಷ್ಟು ಎಳೆದು ಸುತ್ತನ್ನು ತುಂಬಿಸುತ್ತಿದ್ದಳೇ ಹೊರತು ಮಾತ್ರೆ ಎಣಿಸಿ ಕೂತವಳಲ್ಲ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುವಿಗೆ ಮೂರು, ರುದ್ರಕ್ಕೆ ನಾಲ್ಕು. ಒಳಗಿನ ಅಕ್ಷರಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಕೋಲ್‌ರಿಜ್ 1816ರಲ್ಲಿ ‘ಕ್ರಿಸ್ಟಬೆಲ್’ ಪ್ರಕಟಿಸಿದಾಗ ಮುನ್ನುಡಿಯಲ್ಲಿ ಹೇಳಿದ್ದೂ ಇದನ್ನೇ: ಸಾಲಿನಲ್ಲಿ ಅಕ್ಷರಗಳು ಏಳರಿಂದ ಹನ್ನೆರಡರವರೆಗೆ ವ್ಯತ್ಯಾಸವಾಗಬಹುದು, ಪೆಟ್ಟು ಮಾತ್ರ ನಾಲ್ಕೇ. ಆದ್ದರಿಂದ ತ್ರಿಪದಿ, ಸಾಂಗತ್ಯಗಳನ್ನು ಬಾಯಲ್ಲಿ ಹಾಡಿ ಬೆಳೆದವರಿಗೆ ಇಂಗ್ಲಿಷ್ ಲಯ ಬೇಗ ದಕ್ಕುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಮಕದ ಮನೆ

ಅಜ್ಜಿಯ ಚಿತ್ರ ಮನಸ್ಸಿನಲ್ಲಿ ನಿಂತಿತು, ಆದರೆ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅಂಶವೂ ಕಾಲದ ಅಳತೆಯೇ, ಸಡಿಲವಾದ ಅಳತೆ ಅಷ್ಟೇ. ಹಾಡುಗಾರ್ತಿ ತನಗೆ ಬೇಕಾದ ಅಕ್ಷರವನ್ನು ಎಳೆಯಬಹುದು. ಎಳ್ಳಿನ ಮೊದಲಕ್ಷರವನ್ನು ಎಳೆದರೂ ಕೊನೆಯದನ್ನು ಎಳೆದರೂ ಅದು ಎಳ್ಳೇ. ಇಂಗ್ಲಿಷ್ ಕವಿಗೆ ಆ ಸ್ವಾತಂತ್ರ್ಯವಿಲ್ಲ. ಪದದ ಒತ್ತು ನಿಘಂಟಿನಲ್ಲಿಯೇ ನಿಗದಿಯಾಗಿರುತ್ತದೆ, ‘ಕಂಪೇರ್’ ಪದದ ಪೆಟ್ಟನ್ನು ‘ಕಂ’ ಮೇಲೆ ಹಾಕಿದರೆ ಸಾಲು ಸತ್ತುಹೋಗುತ್ತದೆ. ಒಂದೆಡೆ ಲಯ ಪದವನ್ನು ಬಗ್ಗಿಸುತ್ತದೆ, ಇನ್ನೊಂದೆಡೆ ಪದ ಬಗ್ಗದೆ ಲಯದೊಡನೆ ಜಗ್ಗಾಡುತ್ತದೆ.

ಕರುಣಾಳು

ಇಷ್ಟು ಹೊತ್ತೂ ಬಿ.ಎಂ.ಶ್ರೀಯವರ ಹೆಸರು ಬಾರದೆ ಇದ್ದುದು ನನಗೆ ಆಶ್ಚರ್ಯ. ಈ ಎರಡು ಲಯಗಳ ನಡುವಿನ ಕಂದಕವನ್ನು ಕಾವ್ಯದಲ್ಲಿಯೇ ದಾಟಿ ತೋರಿಸಿದವರು ಅವರು. ಇಂಗ್ಲೆಂಡಿನ ಧರ್ಮಗುರು ನ್ಯೂಮನ್ 1833ರಲ್ಲಿ ಇಟಲಿಯ ಕಡೆಯಿಂದ ಮರಳುವಾಗ ಹಡಗಿನಲ್ಲಿ ಬರೆದ ಪ್ರಾರ್ಥನಾಗೀತೆಯ ಮೊದಲ ಸಾಲು ‘ಲೀಡ್, ಕೈಂಡ್ಲಿ ಲೈಟ್, ಅಮಿಡ್ ದೆನ್‌ಸರ್ಕ್ಲಿಂಗ್ ಗ್ಲೂಮ್’. ಹತ್ತು ಅಕ್ಷರ, ಐದು ಪೆಟ್ಟು. ಅದರ ಹಿಂದೆ ‘ಲೀಡ್ ದೌ ಮಿ ಆನ್’ ಎಂಬ ನಾಲ್ಕೇ ಅಕ್ಷರದ ಗಿಡ್ಡ ಸಾಲು. ಶ್ರೀಯವರು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅದನ್ನು ಕನ್ನಡಕ್ಕೆ ತಂದದ್ದು ಹೀಗೆ:

ಕರುಣಾಳು | ಬಾ ಬೆಳಕೆ | ಮುಸುಕಿದೀ | ಮಬ್ಬಿನಲಿ | ಕೈ ಹಿಡಿದು | ನಡೆಸೆನ್ನನು

ಎಣಿಸಿ ನೋಡಿ: ಮೊದಲ ಐದು ಗಣಗಳಿಗೂ ಐದೈದು ಮಾತ್ರೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವರು ಐಯಾಂಬನ್ನು ಕನ್ನಡದಲ್ಲಿ ನಕಲು ಮಾಡಲು ಹೋಗಲೇ ಇಲ್ಲ. ಹೋಗಿದ್ದರೆ ಏನಾಗುತ್ತಿತ್ತು? ಐಯಾಂಬಿನ ಆಕಾರ ಮೊದಲು ಲಘು, ಆಮೇಲೆ ಗುರು. ನಮ್ಮ ಮಾತ್ರಾಛಂದಸ್ಸು ಗಣದ ಆರಂಭದಲ್ಲಿ ಒಲ್ಲದಿರುವುದು ಅದೇ ಆಕಾರವನ್ನು. ಷಟ್ಪದಿಯ ಗಣ ‘ಲಗ’ದಿಂದ ಆರಂಭವಾಗಬಾರದು ಎಂದು ಶಾಲೆಯಲ್ಲಿಯೇ ಕಲಿತಿದ್ದೇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಗಣ ಯಾವುದೋ ಅದೇ ಕನ್ನಡದ ಕಿವಿ ಬಾಗಿಲಲ್ಲೇ ತಡೆಯುವ ಗಣ. ಕನ್ನಡದಲ್ಲಿ ತಾಳದ ಪೆಟ್ಟು ಗಣದ ತಲೆಯ ಮೇಲೆ ಬೀಳುತ್ತದೆ: ಕರುಣಾಳು, ಬಾ ಬೆಳಕೆ. ಐಯಾಂಬಿನಲ್ಲಿ ಪೆಟ್ಟು ಗಣದ ಬಾಲದಲ್ಲಿದೆ. ನಮ್ಮದು ಇಳಿಯುವ ನಡೆ, ಅವರದು ಏರುವ ನಡೆ.

ನಾನು ಇದನ್ನು ತಿಳಿದುಕೊಂಡದ್ದು ಪುಸ್ತಕದಿಂದಲ್ಲ. ಒಮ್ಮೆ ಎರಡೂ ಪದ್ಯಗಳನ್ನು ಮನೆಯ ಅಂಗಳದಲ್ಲಿ ನಡೆಯುತ್ತ ಒಂದರ ಹಿಂದೊಂದು ಹೇಳಿಕೊಂಡೆ. ಕನ್ನಡದ್ದಕ್ಕೆ ಹೆಜ್ಜೆ ಊರಿದ ಮೇಲೆ ಮಾತು ಹರಿಯಿತು. ಇಂಗ್ಲಿಷಿನದಕ್ಕೆ ಮಾತು ಮೊದಲು ಕಾಲೆತ್ತಿ ಆಮೇಲೆ ಊರಿತು.

ಕೃಷ್ಣೆಯ ತೀರ

ಕರುಣಾಳು ಅವರೇ, ಈ ಟಿಪ್ಪಣಿಗಾಗಿ ಕೈಮುಗಿಯುತ್ತೇನೆ. ಆದರೂ ಒಂದು ಸಣ್ಣ ತಿದ್ದುಪಡಿ: ಕಂದಪದ್ಯದ ಪ್ರತಿ ಅರ್ಧದ ಆರನೆಯ ಗಣದಲ್ಲಿ ಜಗಣ ಬರಬಹುದು, ಜಗಣದ ತಲೆಯಲ್ಲಿರುವುದು ‘ಲಗ’ವೇ. ಆದ್ದರಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ.

ಕರುಣಾಳು

ಒಪ್ಪಿದೆ. ಆ ಒಂದು ಜಾಗದಲ್ಲಿ ಲಯ ತಟಕ್ಕನೆ ತಿರುಗಿದಂತೆ ಕೇಳಿಸುವುದಕ್ಕೂ ಅದೇ ಕಾರಣ ಎಂದು ನನ್ನ ಭಾವನೆ. ಇನ್ನು ಪ್ರಾಸವಿಲ್ಲದ ಐಯಾಂಬಿಕ್ ಪೆಂಟಾಮೀಟರಿಗೆ, ಅಂದರೆ 1667ರಲ್ಲಿ ಹೊರಬಂದ ಮಿಲ್ಟನ್ನನ ಮಹಾಕಾವ್ಯದ ಬ್ಲ್ಯಾಂಕ್ ವರ್ಸಿಗೆ ಸಮನಾಗಿ ಕನ್ನಡದವರು ಕಂಡುಕೊಂಡದ್ದು ಸರಳರಗಳೆಯನ್ನು. ಪ್ರಾಸವನ್ನು ಬಿಟ್ಟು, ವಾಕ್ಯವನ್ನು ಸಾಲಿನಿಂದ ಸಾಲಿಗೆ ಹರಿಯಬಿಟ್ಟ ಲಲಿತರಗಳೆ ಅದು. ಕುವೆಂಪು ಅದನ್ನು ಇನ್ನೂ ಹಿಗ್ಗಿಸಿ ಮಹಾಛಂದಸ್ಸು ಮಾಡಿದರು. ಅಲ್ಲಿಯೂ ಬಂದದ್ದು ಇಂಗ್ಲಿಷಿನ ಗಣವಲ್ಲ, ವಾಕ್ಯದ ಓಟ.

ಪ್ರಸ್ತಾರಪ್ರಿಯ

ಎಲ್ಲರಿಗೂ ವಂದನೆಗಳು. ಇಳಿಯುವ ನಡೆ ನಮ್ಮದು ಎಂದಾದರೆ, ಇಂಗ್ಲಿಷಿನಲ್ಲಿಯೂ ಪೆಟ್ಟಿನಿಂದ ಆರಂಭವಾಗುವ ಟ್ರೋಕೀ ಮತ್ತು ಡ್ಯಾಕ್ಟಿಲ್ ನಮಗೆ ಸುಲಭವಾಗಬೇಕಲ್ಲವೇ?

ಮಲೆನಾಡ ಮೇಷ್ಟ್ರು

ಸುಲಭವೇ, ನಿನಗೆ ಮೂರನೆಯ ವಯಸ್ಸಿನಿಂದ ಬಾಯಿಗೆ ಬರುತ್ತದೆ. ಜೇನ್ ಟೇಲರ್ 1806ರಲ್ಲಿ ಪ್ರಕಟಿಸಿದ ‘ಟ್ವಿಂಕಲ್ ಟ್ವಿಂಕಲ್ ಲಿಟಲ್ ಸ್ಟಾರ್’ ಟ್ರೋಕೀಯ ಪದ್ಯ. ಪೆಟ್ಟು, ಬಿಡುವು, ಪೆಟ್ಟು, ಬಿಡುವು; ನಾಲ್ಕನೆಯ ಗಣದ ಬಿಡುವಿನ ಅಕ್ಷರ ಕತ್ತರಿಸಿಹೋಗಿ ‘ಸ್ಟಾರ್’ ಒಂದೇ ಉಳಿದಿದೆ. ಏಳು ಅಕ್ಷರ, ನಾಲ್ಕು ಪೆಟ್ಟು. ನಮ್ಮ ಅಂಗನವಾಡಿಯ ಮಕ್ಕಳು ಇದನ್ನು ತಾಳ ತಪ್ಪದೆ ಹೇಳುತ್ತಾರೆ. ‘ಶಲ್ ಐ ಕಂಪೇರ್’ ಎಂಬುದನ್ನು ಪದವಿ ತರಗತಿಯಲ್ಲಿಯೂ ತಪ್ಪುತ್ತಾರೆ.

ಡ್ಯಾಕ್ಟಿಲ್ಲಿಗೆ ಟೆನಿಸನ್ನನ 1854ರ ಯುದ್ಧಗೀತೆಯನ್ನು ಹಿಡಿ: ‘ಹಾಫ್ ಅ ಲೀಗ್, ಹಾಫ್ ಅ ಲೀಗ್, ಹಾಫ್ ಅ ಲೀಗ್ ಆನ್ವರ್ಡ್’. ಕುದುರೆಯ ಗೊರಸಿನ ಸದ್ದು. ಇಲ್ಲಿ ನಿನ್ನ ಹಳೆಯ ಪ್ರಸ್ತಾರ ಹಾಕಿದರೆ ‘ಹಾಫ್’ ಗುರು, ‘ಅ’ ಲಘು, ‘ಲೀಗ್’ ಗುರು, ಅದು ರಗಣ. ಒತ್ತಿನ ಲೆಕ್ಕದಲ್ಲಿ ‘ಲೀಗ್’ ದೀರ್ಘವಾಗಿದ್ದರೂ ಪೆಟ್ಟಿಲ್ಲದ ಅಕ್ಷರ, ಆದ್ದರಿಂದ ಒಂದು ಪೆಟ್ಟು, ಎರಡು ಬಿಡುವು, ಅಂದರೆ ಭಗಣದ ಆಕಾರ. ಉದ್ದವೂ ಒತ್ತೂ ಬೇರೆ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಮೂರು ಪದಗಳು ನನಗೆ ಸಿಕ್ಕಿಲ್ಲ. ಪ್ರತಿವರ್ಷ ಕರಿಹಲಗೆಯ ಮೇಲೆ ಎರಡೂ ಪ್ರಸ್ತಾರಗಳನ್ನು ಒಂದರ ಕೆಳಗೊಂದು ಬರೆಯುತ್ತೇನೆ.

ಹೊಸಗಾಳಿ

ಎಲ್ಲ ಸರಿ. ಆದರೆ ಇಂದಿನ ಇಂಗ್ಲಿಷ್ ಕವಿಗಳಲ್ಲಿ ಹೆಚ್ಚಿನವರು ಮುಕ್ತಛಂದದಲ್ಲಿ ಬರೆಯುತ್ತಿರುವಾಗ, ಈ ಗಣಗಳ ಹೆಸರನ್ನು ಬಾಯಿಪಾಠ ಮಾಡಿಸಿ ಅಂಕ ಕತ್ತರಿಸುವುದರಿಂದ ಪದ್ಯದ ಅರ್ಥಕ್ಕೆ ಏನು ಲಾಭ ಎಂಬುದನ್ನು ಯಾರೂ ಹೇಳಲಿಲ್ಲ.

ಗಮಕದ ಮನೆ

ಹೆಸರುಗಳ ಬಾಯಿಪಾಠದಿಂದ ಲಾಭವಿಲ್ಲ. ಲಯವನ್ನು ಕೇಳಿಸಿಕೊಳ್ಳುವುದರಿಂದ ಬಹಳ ಇದೆ. ಹ್ಯಾಮ್ಲೆಟ್ಟನ ಮಾತನ್ನು ನೋಡಿ: ‘ಟು ಬಿ, ಆರ್ ನಾಟ್ ಟು ಬಿ, ದ್ಯಾಟ್ ಈಸ್ ದ ಕ್ವೆಸ್ಚನ್’. ಮೊದಲ ಮೂರು ಗಣ ಅಚ್ಚಿನ ಪ್ರಕಾರವೇ ನಡೆಯುತ್ತವೆ, ತಕ್ಕಡಿಯ ಎರಡು ತಟ್ಟೆಗಳು ಮೇಲೆ ಕೆಳಗೆ ಆಡಿದಂತೆ. ವಿರಾಮವಾದೊಡನೆ ನಾಲ್ಕನೆಯ ಗಣ ತಿರುಗಿಬೀಳುತ್ತದೆ: ‘ಈಸ್’ ಮೇಲೆ ಬೀಳಬೇಕಾದ ಪೆಟ್ಟು ‘ದ್ಯಾಟ್’ ಮೇಲೆ ಬಿದ್ದು, ಇದೇ ಪ್ರಶ್ನೆ ಎಂದು ಬೆರಳಿಟ್ಟು ತೋರಿಸುತ್ತದೆ. ಕೊನೆಯಲ್ಲಿ ಹನ್ನೊಂದನೆಯದೊಂದು ಅಕ್ಷರ ಪೆಟ್ಟಿಲ್ಲದೆ ಉಳಿದು, ಸಾಲು ಗಟ್ಟಿಯಾಗಿ ಮುಗಿಯದೆ ಜಾರುತ್ತದೆ. ನಿರ್ಧಾರಕ್ಕೆ ಬಾರದವನ ಮಾತು ಮುಗಿಯದಂತೆ ಮುಗಿಯುವುದು ಆ ಒಂದು ಅಕ್ಷರದಿಂದ. ಅಚ್ಚು ಕಿವಿಯಲ್ಲಿ ಇಲ್ಲದವನಿಗೆ ಅದು ಮುರಿದದ್ದು ಹೇಗೆ ಕೇಳಿಸೀತು? ಮುಕ್ತಛಂದದ ಒಳ್ಳೆಯ ಕವಿಗಳೂ ಈ ಅಚ್ಚನ್ನು ಬಲ್ಲವರೇ. ಎಲ್ಲಿ ಅದರಿಂದ ದೂರ ಸರಿಯಬೇಕು, ಎಲ್ಲಿ ಹತ್ತಿರ ಸುಳಿಯಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ.

ಹೊಸಗಾಳಿ

ಹನ್ನೊಂದನೆಯ ಅಕ್ಷರದ ಮಾತು ನನ್ನನ್ನು ಸುಮ್ಮನಾಗಿಸಿತು. ಈ ಸಾಲನ್ನು ನೂರು ಸಲ ಹೇಳಿದ್ದೇನೆ, ಒಮ್ಮೆಯೂ ಎಣಿಸಿರಲಿಲ್ಲ.

ಪ್ರಸ್ತಾರಪ್ರಿಯ

ಎಲ್ಲವನ್ನೂ ಎರಡು ಸಲ ಓದಿ, ಅದೇ ಸಾನೆಟ್ಟಿನ ಮೂರನೆಯ ಸಾಲನ್ನು ಈ ಸಲ ಲೇಖನಿ ಮುಟ್ಟದೆ, ಗಟ್ಟಿಯಾಗಿ ಹೇಳುತ್ತ ಮೊಣಕಾಲನ್ನು ತಟ್ಟಿ ಗುರುತಿಸಿದ್ದೇನೆ. ತಪ್ಪಿದ್ದರೆ ತಿದ್ದಿ:

ರಫ್ ವಿಂಡ್ಸ್ | ಡು ಶೇಕ್ | ದ ಡಾರ್|ಲಿಂಗ್ ಬಡ್ಸ್ | ಆಫ್ ಮೇ

‘ರಫ್’ ಎಂಬುದನ್ನು ದುರ್ಬಲ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಬಾಯಿ ಅದನ್ನೂ ಒತ್ತುತ್ತಿದೆ. ಇನ್ನು ‘ಡು’ ಎಂಬ ಪದ ಅಲ್ಲಿ ಏಕಿದೆ ಎಂಬುದೇ ತಿಳಿಯಲಿಲ್ಲ. ಅದಿಲ್ಲದೆಯೂ ವಾಕ್ಯ ಪೂರ್ಣವಾಗುತ್ತದೆ. ನಮ್ಮ ಪಾದಪೂರಣದಂತೆ ಅದೂ ಜಾಗ ತುಂಬಲು ಬಂದದ್ದೇ?

ಮಲೆನಾಡ ಮೇಷ್ಟ್ರು

ನಿನ್ನ ಬಾಯಿ ಸರಿಯಾಗಿ ಹೇಳುತ್ತಿದೆ, ಅದನ್ನೇ ನಂಬು. ‘ರಫ್ ವಿಂಡ್ಸ್’ ಎರಡೂ ಭಾರದ ಅಕ್ಷರಗಳು, ಇಂಥ ಗಣಕ್ಕೆ ಸ್ಪಾಂಡೀ ಎನ್ನುತ್ತಾರೆ. ಅಚ್ಚಿನ ಪೆಟ್ಟು ‘ವಿಂಡ್ಸ್’ ಮೇಲಿದ್ದರೂ ‘ರಫ್’ ಬಗ್ಗುವುದಿಲ್ಲ. ಎರಡು ಪೆಟ್ಟು ಒಟ್ಟಿಗೆ ಬಿದ್ದು ಗಾಳಿಯ ಒರಟುತನ ಸಾಲಿನ ಮೊದಲಲ್ಲೇ ಮುಖಕ್ಕೆ ಬಡಿಯುತ್ತದೆ. ಉತ್ತರಪತ್ರಿಕೆಯಲ್ಲಿ ಎರಡರ ಮೇಲೂ ಗುರುತು ಹಾಕಿ, ಏಕೆಂದು ಒಂದು ವಾಕ್ಯ ಬರೆ. ನೇರನುಡಿಯವರ ಚಿಂತೆಗೂ ಅದೇ ಪರಿಹಾರ.

ಹಳೆಯ ಹೊತ್ತಗೆ

‘ಡು’ ವಿಷಯಕ್ಕೆ ಬಂದರೆ, ಷೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ ಯಾವ ವಿಶೇಷ ಒತ್ತೂ ಇಲ್ಲದೆ ‘ಡು’ ಸೇರಿಸಿ ಮಾತನಾಡುವ ರೂಢಿ ಇತ್ತು, ಆದ್ದರಿಂದ ಅವನಲ್ಲಿ ಅದನ್ನು ಬರಿಯ ತುಂಬುಪದ ಎನ್ನಲಾಗದು. ಎರಡು ಪೆಟ್ಟುಗಳ ನಡುವೆ ಬೇಕಾದ ಬಿಡುವನ್ನು ಒದಗಿಸುವುದಕ್ಕೆ ರೂಢಿಯೇ ಅವನ ಕೈಗೆ ಕೊಟ್ಟ ಪದ ಅದು. ನೂರು ವರ್ಷಗಳ ಮೇಲೆ ಅದೇ ‘ಡು’ ಹಳತಾಗಿ ಪಾದಪೂರಣದಂತೆ ಕೇಳಿಸತೊಡಗಿತು. ಅಲೆಕ್ಸಾಂಡರ್ ಪೋಪ್ 1711ರ ತನ್ನ ವಿಮರ್ಶಾಕಾವ್ಯದಲ್ಲಿ ತುಂಬುಪದಗಳ ಚಟವನ್ನು ಟೀಕಿಸುವ ಸಾಲಿನೊಳಗೇ ಬೇಕೆಂದೇ ಒಂದು ‘ಡು’ ಇಟ್ಟು ತೋರಿಸಿದ್ದಾನೆ. ಅದರ ಮುಂದಿನ ಸಾಲು ‘ಆಂಡ್ ಟೆನ್ ಲೋ ವರ್ಡ್ಸ್ ಆಫ್ಟ್ ಕ್ರೀಪ್ ಇನ್ ಒನ್ ಡಲ್ ಲೈನ್’. ಹತ್ತು ಸಣ್ಣ ಪದಗಳು ಒಂದು ಮಂಕು ಸಾಲಿನಲ್ಲಿ ತೆವಳುತ್ತವೆ ಎಂದು ಅರ್ಥ. ಪ್ರಸ್ತಾರಪ್ರಿಯರೇ, ಅದರ ಪದಗಳನ್ನು ಬೆರಳು ಮಡಿಚಿ ಎಣಿಸಿ, ಆಮೇಲೆ ಮೊಣಕಾಲು ತಟ್ಟಿ ಗುರುತಿಸಿ ಇಲ್ಲಿ ಹಾಕಿ. ಎಲ್ಲಿ ಎರಡೆರಡು ಪೆಟ್ಟು ಒಟ್ಟಿಗೆ ಬಿದ್ದು ಕಾಲು ಎಳೆಯುತ್ತದೆ ಎಂಬುದನ್ನು ನಾವೂ ನೋಡೋಣ.